ಚೀಲವೋ, ಕೂಲರೋ, ಮೂರು ಹಂಡೆಯೋ: ಮನೆಯಲ್ಲಿ ಬಿಯರ್ ಮಾಡುವ ಸರಂಜಾಮು ಆರಿಸುವ ಬಗೆ

ಡಲ್ಲಾಸ್ ಹೊರವಲಯದ ನಮ್ಮ ಮನೆಗೆ ಹಬ್ಬದೂಟಕ್ಕೆ ಬಂದವರು ಗ್ಯಾರೇಜಿನೊಳಗೆ ಒಮ್ಮೆ ಇಣುಕಿದರೆ ಸಾಕು, ವಾರದೊಳಗೆ ಫೋನ್ ಬರುತ್ತದೆ. "ನಾನೂ ಶುರು ಮಾಡೋಣ ಅಂತಿದೀನಿ ಮಾರಾಯ. ಮೂರು ಪಾತ್ರೆ ಸೆಟ್ ಕಟ್ಲಾ, ಇಲ್ಲ ಆ ಕರೆಂಟಿನ ಡಬ್ಬಿ ತಗೊಳ್ಳಾ?" ಕೇಳುವವರು ಎರಡು ತಿಂಗಳಿಂದ ವಿಡಿಯೊ ನೋಡುತ್ತಿರುತ್ತಾರೆ, ಹತ್ತು ಕಡೆ ಬೆಲೆ ವಿಚಾರಿಸಿರುತ್ತಾರೆ, ಒಂದು ಲೋಟ ಬಿಯರನ್ನೂ ಮಾಡಿರುವುದಿಲ್ಲ. ಚೀಲ, ಕೂಲರ್, ಕರೆಂಟಿನ ಡಬ್ಬಿ, ಮೂರು ಹಂಡೆ ಎಂದು ನಾನು ಹನ್ನೆರಡು ವರ್ಷದಲ್ಲಿ ನಾಲ್ಕೂ ಬಗೆಯದನ್ನು ಬಳಸಿದ್ದೇನೆ, ಒಂದನ್ನು ನಷ್ಟಕ್ಕೆ ಮಾರಿದ್ದೇನೆ. ಫೋನಿನಲ್ಲಿ ಮತ್ತೆ ಮತ್ತೆ ಹೇಳುವುದನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಇದು ಅಮೆರಿಕದ ಲೆಕ್ಕ ಎಂಬುದು ನೆನಪಿರಲಿ. ಜಿಮ್ಮಿ ಕಾರ್ಟರ್ 1978ರಲ್ಲಿ ಸಹಿ ಹಾಕಿದ ಕಾಯ್ದೆ ಮರುವರ್ಷ ಜಾರಿಗೆ ಬಂತು. ಅದರ ಪ್ರಕಾರ ಮನೆಯಲ್ಲಿ ವಯಸ್ಕರು ಒಬ್ಬರೇ ಇದ್ದರೆ ವರ್ಷಕ್ಕೆ 100 ಗ್ಯಾಲನ್, ಇಬ್ಬರೋ ಹೆಚ್ಚೋ ಇದ್ದರೆ 200 ಗ್ಯಾಲನ್ ಬಿಯರನ್ನು ಸ್ವಂತಕ್ಕೆ ಮಾಡಿಕೊಳ್ಳಬಹುದು, ಮಾರುವಂತಿಲ್ಲ. ರಾಜ್ಯದ ಕಾನೂನು ಬೇರೆ ನೋಡಿಕೊಳ್ಳಬೇಕು. ಅಲಬಾಮ, ಮಿಸಿಸಿಪ್ಪಿಗಳು ಒಪ್ಪಿದ್ದು 2013ರಲ್ಲಷ್ಟೇ. ಭಟ್ಟಿ ಇಳಿಸುವುದಕ್ಕೆ ಈ ರಿಯಾಯಿತಿ ಇಲ್ಲ. ಕರ್ನಾಟಕದಲ್ಲಂತೂ 1965ರ ಅಬಕಾರಿ ಕಾಯ್ದೆಯಡಿ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವಂತಿಲ್ಲ. ಹಾಗಾಗಿ ಊರಲ್ಲಿರುವ ತಮ್ಮನಿಗೆ ಇದನ್ನು ಓದಲು ಕಳಿಸಿ, ಮಾಡಲು ಹೇಳಬೇಡಿ.

ಈ ಸರಂಜಾಮು ಮಾಡುವ ಕೆಲಸವಾದರೂ ಏನು

ರಾಗಿಗೆ ಮೊಳಕೆ ಕಟ್ಟಿ ಒಣಗಿಸಿದ ಹಾಗೆಯೇ ಬಾರ್ಲಿಗೂ ಮೊಳಕೆ ಬರಿಸಿ ಒಣಗಿಸಿದರೆ ಅದು ಮಾಲ್ಟ್. ಅದನ್ನು ತರಿತರಿಯಾಗಿ ಒಡೆಸಿ 65ರಿಂದ 68 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಒಂದು ಗಂಟೆ ನೆನೆಸಿದರೆ ಕಾಳಿನೊಳಗಿನ ಕಿಣ್ವಗಳು ಪಿಷ್ಟವನ್ನು ಸಕ್ಕರೆ ಮಾಡುತ್ತವೆ. ಇದಕ್ಕೆ ಮ್ಯಾಶ್ ಅನ್ನುತ್ತಾರೆ. ಸೋಸಿ ತೆಗೆದ ಸಿಹಿನೀರು ವರ್ಟ್. ಅದಕ್ಕೆ ಕಹಿ, ಘಮ ಕೊಡುವ ಹಾಪ್ಸ್ ಹೂ ಹಾಕಿ ಒಂದು ಗಂಟೆ ಕುದಿಸಿ, ಬೇಗ ತಣಿಸಿ, ಯೀಸ್ಟ್ ಬೆರೆಸಿದರೆ ಮುಂದಿನದೆಲ್ಲ ದೋಸೆ ಹಿಟ್ಟಿನ ಕತೆ.

ನೆನೆಸುವುದು, ಸೋಸುವುದು, ಕುದಿಸುವುದು. ಇನ್ನೂರು ಡಾಲರಿನದೂ ಮೂರು ಸಾವಿರ ಡಾಲರಿನದೂ ಮಾಡುವುದು ಈ ಮೂರನ್ನೇ. ಹೊಳೆಯುವ ಸ್ಟೀಲಿಗೂ ಬಿಯರಿನ ರುಚಿಗೂ ನೀವು ಅಂದುಕೊಂಡಷ್ಟು ನಂಟಿಲ್ಲ. ರುಚಿ ಹೆಚ್ಚಾಗಿ ತೀರ್ಮಾನವಾಗುವುದು ಹುದುಗುವಾಗಿನ ತಾಪಮಾನದಲ್ಲಿ. ಸರಂಜಾಮು ಬದಲಾದರೆ ಬದಲಾಗುವುದು ನಿಮ್ಮ ಶನಿವಾರ: ಎಷ್ಟು ಹೊತ್ತು ನಿಲ್ಲಬೇಕು, ಎಷ್ಟು ಭಾರ ಎತ್ತಬೇಕು, ಕೊನೆಗೆ ಎಷ್ಟು ಪಾತ್ರೆ ತೊಳೆಯಬೇಕು.

ಅಂಗಡಿಗೆ ಮುಂಚೆ ಮನೆ ನೋಡಿ

ಮೊದಲು ನೋಡಬೇಕಾದ್ದು ಗೋಡೆಯ ಪ್ಲಗ್ಗು. ಬಾಟಲಿಗೆ ಬರುವಾಗ 19 ಲೀಟರ್ (ಇಲ್ಲಿನವರ ಐದು ಗ್ಯಾಲನ್) ಬಿಯರ್ ಸಿಗಬೇಕಾದರೆ ಸುಮಾರು 27 ಲೀಟರ್ ನೀರಿನಿಂದ ಶುರು ಮಾಡಬೇಕು. ಕಾಳು ಕುಡಿಯುವುದು, ಆವಿಯಾಗುವುದು, ತಳದಲ್ಲಿ ಉಳಿಯುವ ಗಸಿ ಎಲ್ಲ ಸೇರಿ ಉಳಿದದ್ದು ಹೋಗುತ್ತದೆ. ಆ ನೀರನ್ನು 20ರಿಂದ 67 ಡಿಗ್ರಿಗೆ ತರಲು ಒಂದೂವರೆ ಯೂನಿಟ್ ಕರೆಂಟು ಬೇಕು. ಅಮೆರಿಕದ ಮಾಮೂಲಿ 120 ವೋಲ್ಟ್, 15 ಆಂಪ್ಸ್ ಸರ್ಕ್ಯೂಟಿನಿಂದ ಗಂಟೆಗಟ್ಟಲೆ ಎಳೆಯಬಹುದಾದ್ದು ಸುಮಾರು 1,440 ವಾಟ್. ಅಂದರೆ ನೀರು ಕಾಯಲು ಒಂದು ಗಂಟೆ, ಮ್ಯಾಶ್ ಮುಗಿದ ಮೇಲೆ ಕುದಿ ಬರಲು ಇನ್ನೂ ಮುಕ್ಕಾಲು ಗಂಟೆ. ಕುದಿ ಬಂದ ಮೇಲೂ ಅದು ಕುದಿಯಲ್ಲ, ಹಾಲು ಉಕ್ಕುವ ಮುಂಚಿನ ಗುಳುಗುಳು. ಬಟ್ಟೆ ಒಣಗಿಸುವ ಡ್ರೈಯರಿನ 240 ವೋಲ್ಟ್ ಪ್ಲಗ್ಗು ಕೈಗೆಟಕುವಂತಿದ್ದರೆ ಚಿತ್ರವೇ ಬೇರೆ. 5,500 ವಾಟಿನ ಎಲಿಮೆಂಟ್ ಸುಮಾರು 23 ಆಂಪ್ಸ್ ಎಳೆಯುತ್ತದೆ, 30 ಆಂಪ್ಸ್ ಬ್ರೇಕರ್ ಅದನ್ನು ತಡೆದುಕೊಳ್ಳುತ್ತದೆ; ಹದಿನೈದು ಇಪ್ಪತ್ತು ನಿಮಿಷದಲ್ಲಿ ನೀರು ತಯಾರು. ಬ್ರಿಟನ್ನಿನಲ್ಲಿರುವವರಿಗೆ ಅಡುಗೆಮನೆಯ ಪ್ಲಗ್ಗಿನಲ್ಲೇ ಸುಮಾರು 3,000 ವಾಟ್ ಸಿಗುತ್ತದೆ, ಅವರಿಗೆ ಈ ತಲೆನೋವಿಲ್ಲ.

ಹಳೆಯ ಮನೆಯಾದರೆ ಇನ್ನೊಂದು ಜಾಗ್ರತೆ. ಡ್ರೈಯರ್ ಪ್ಲಗ್ಗಿಗೆ ಮೂರೇ ಕಂಡಿ ಇದ್ದರೆ ಅದರಲ್ಲಿ ಅರ್ತ್ ತಂತಿ ಬೇರೆಯಾಗಿ ಬಂದಿರುವುದಿಲ್ಲ. ನಾಲ್ಕು ಕಂಡಿಯದೇ ಬೇಕು, ಜೊತೆಗೆ ಕರೆಂಟು ಸೋರಿದ ಕೂಡಲೇ ಕಡಿದುಬಿಡುವ ಜಿಎಫ್‌ಸಿಐ ಬ್ರೇಕರ್ ಬೇಕೇಬೇಕು. ನೀರು, ಸ್ಟೀಲು, ಒದ್ದೆ ಕಾಲು, 240 ವೋಲ್ಟ್ ಇವು ನಾಲ್ಕೂ ಒಂದೇ ಕಡೆ ಸೇರುವ ಕೆಲಸ ಇದು. ಎಲೆಕ್ಟ್ರಿಷಿಯನ್ ಕರೆಸುವ ದುಡ್ಡನ್ನು ಬಜೆಟ್ಟಿನಲ್ಲಿ ಮೊದಲ ಸಾಲಿನಲ್ಲೇ ಬರೆದುಕೊಳ್ಳಿ.

ಎರಡನೆಯದು ಬೆನ್ನು. ಐದು ಕೆಜಿ ಕಾಳು ನೆಂದು ಸೋರುತ್ತಿರುವಾಗ ಹನ್ನೆರಡು ಕೆಜಿ ತೂಗುತ್ತದೆ, ಅದನ್ನು ಎತ್ತಬೇಕು, ಅದೂ ಕುದಿಯಲು ಕಾದಿರುವ ಹಂಡೆಯ ಮೇಲೆ, ಎದೆಮಟ್ಟಕ್ಕೆ. ಮೂರನೆಯದು ತೊಳೆಯುವ ಜಾಗ. ಪಾತ್ರೆ ಎಷ್ಟೋ ಅಷ್ಟು ಕೊಳೆ, ಪೈಪು ಎಷ್ಟೋ ಅಷ್ಟು ಕಣ್ಣಿಗೆ ಕಾಣದ ಕೊಳೆ. ನಾಲ್ಕನೆಯದನ್ನು ಇಲ್ಲಿನ ಮಾರ್ಗದರ್ಶಿಗಳಲ್ಲಿ ನಾನು ನೋಡಿದ್ದು ಕಡಿಮೆ, ನಮ್ಮವರಿಗೆ ಮಾತ್ರ ಬೇಕಾದದ್ದು: ಯಾವ ಕಾಳು ಹಾಕುತ್ತೀರಿ? ಬಾರ್ಲಿಗೆ ಸಿಪ್ಪೆಯಿದೆ, ಆ ಸಿಪ್ಪೆಯೇ ಸೋಸುವ ಜರಡಿ. ರಾಗಿ, ಗೋಧಿ, ಅಕ್ಕಿಗೆ ಅದಿಲ್ಲ. ರಾಗಿ ಮಾಲ್ಟ್ ಹಾಕಿ ನೋಡುವ ಚಪಲ ನನಗೆ ಬಂದಂತೆ ನಿಮಗೂ ಇವತ್ತಲ್ಲ ನಾಳೆ ಬರುತ್ತದೆ.

ದುಡ್ಡು ಕೊನೆಗೆ. ಕೆಳಗೆ ಹೇಳುವ ಬೆಲೆಗಳೆಲ್ಲ ನನ್ನ ಅಂದಾಜು, ಸೆಕೆಂಡ್ ಹ್ಯಾಂಡಿನಲ್ಲಿ ಅರ್ಧಕ್ಕೂ ಸಿಗುತ್ತವೆ.

ಒಂದು ಹಂಡೆ, ಒಂದು ಚೀಲ

ದೊಡ್ಡ ಹಂಡೆಯೊಳಗೆ ಜಾಲರಿ ಬಟ್ಟೆಯ ಚೀಲ, ಚೀಲದೊಳಗೆ ಕಾಳು, ಪೂರ್ತಿ ನೀರು ಒಂದೇ ಸಲ. ಗಂಟೆಯಾದ ಮೇಲೆ ಚೀಲ ಎತ್ತಿ ಹಿಂಡಿ, ಅದೇ ಹಂಡೆಯಲ್ಲಿ ಕುದಿಸುವುದು. ಆಸ್ಟ್ರೇಲಿಯಾದ ಹವ್ಯಾಸಿಗಳು 2000ದ ದಶಕದಲ್ಲಿ ರೂಢಿಗೆ ತಂದ ಕ್ರಮ. ಪಂಚೆಯಲ್ಲಿ ಕಟ್ಟಿ ಹಿಂಡಿ ರಸ ತೆಗೆಯುವ ನಮ್ಮ ಅಜ್ಜಿಯರಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ.

19 ಲೀಟರಿಗೆ 38 ಲೀಟರಿನ ಹಂಡೆ ಬೇಕು. ನೀರು 27, ನೆಂದ ಕಾಳಿನ ಗಾತ್ರ ಮೂರು ಚಿಲ್ಲರೆ, ಮೇಲೆ ನೊರೆ ಉಕ್ಕಲು ಜಾಗ. ಮೂವತ್ತರ ಹಂಡೆ ಅಗ್ಗವೆಂದು ತಂದವರು ಮೊದಲ ದಿನವೇ ನೆಲ ಒರೆಸಿದ್ದನ್ನು ನೋಡಿದ್ದೇನೆ. ಹಂಡೆ, ಚೀಲ, ಹೊರಗಿಡುವ ಪ್ರೊಪೇನ್ ಒಲೆ, ತಣಿಸಲು ತಾಮ್ರದ ಸುರುಳಿ ಎಲ್ಲ ಸೇರಿ 250ರಿಂದ 350 ಡಾಲರ್. ಮ್ಯಾಶ್ ಹೊತ್ತಿಗೆ ಒಲೆ ಆರಿಸಿ ಹಂಡೆಗೆ ಹಳೆಯ ರಗ್ಗು ಸುತ್ತಿಟ್ಟರೆ ಗಂಟೆಗೆ ಒಂದೆರಡು ಡಿಗ್ರಿಗಿಂತ ಹೆಚ್ಚು ಇಳಿಯುವುದಿಲ್ಲ.

ಕೊರತೆ ಇಲ್ಲದಿಲ್ಲ. ಭಾರ ಎತ್ತಬೇಕು, ಅದಕ್ಕೆ ತೊಲೆಗೊಂದು ಕೊಕ್ಕೆ, ಬಾವಿಗೆ ಹಾಕುವಂಥ ಒಂದು ರಾಟೆ ಇದ್ದರೆ ಮುಗಿಯಿತು. ಕಾಳಿನಿಂದ ಸಕ್ಕರೆ ಬರುವುದು ಸ್ವಲ್ಪ ಕಡಿಮೆ: ಮೂರು ಪಾತ್ರೆಯಲ್ಲಿ ನೂರಕ್ಕೆ ಎಂಬತ್ತು ಸಿಕ್ಕರೆ ಇಲ್ಲಿ ಎಪ್ಪತ್ತು ಎಪ್ಪತ್ತೆರಡು. ಈ ಎಂಟು ಹತ್ತರ ಮೇಲೆ ಜನ ಜಗಳವಾಡುತ್ತಾರೆ. ನಿಜವಾದ ಲೆಕ್ಕ ಏನೆಂದರೆ ಪ್ರತಿ ಸಲ ಅರ್ಧ ಕೆಜಿ ಮಾಲ್ಟ್ ಹೆಚ್ಚು, ಒಂದೆರಡು ಡಾಲರ್. ಮೂರು ಪಾತ್ರೆಯ ಹೆಚ್ಚುವರಿ ಎರಡು ಸಾವಿರ ಡಾಲರನ್ನು ಆ ಉಳಿತಾಯದಿಂದ ಹುಟ್ಟಿಸಬೇಕಾದರೆ ಸಾವಿರ ಸಲ ಬಿಯರ್ ಮಾಡಬೇಕು. ತುಂಬಾ ಗಟ್ಟಿ, ಅಂದರೆ ಆಲ್ಕೊಹಾಲ್ ಹೆಚ್ಚಿರುವ ಬಿಯರ್‌ಗಳಿಗೆ ಮಾತ್ರ ಚೀಲ ನಿಜವಾಗಿ ಒದ್ದಾಡುತ್ತದೆ. ಎಂಟೊಂಬತ್ತು ಕೆಜಿ ಕಾಳು ಒಂದೇ ಹಂಡೆಯಲ್ಲಿ ಹಿಡಿಸುವುದೇ ಕಷ್ಟ.

ಅಪಾರ್ಟ್‌ಮೆಂಟಿನವರಿಗೆ ಇದರ ಸಣ್ಣ ರೂಪವಿದೆ. 19 ಲೀಟರಿನ ಪಾತ್ರೆ, ಎರಡೂಕಾಲು ಕೆಜಿ ಕಾಳು, ಅಡುಗೆಮನೆಯ ಒಲೆ. ಕೈಗೆ ಬರುವುದು ಒಂಬತ್ತು ಲೀಟರ್ ಚಿಲ್ಲರೆ, ಸುಮಾರು ಇಪ್ಪತ್ತೈದು ಬಾಟಲಿ. ಸಿಂಕಿನಲ್ಲಿ ಐಸ್ ಹಾಕಿ ಪಾತ್ರೆಯನ್ನು ಇಳಿಸಿದರೆ ತಣಿಯುತ್ತದೆ, ತಾಮ್ರದ ಸುರುಳಿ ಕೂಡ ಬೇಡ. ನೂರು ಡಾಲರಿನೊಳಗೆ ಆಗುವ ಕೆಲಸ. ಈ ಹವ್ಯಾಸ ನಿಮಗೆ ಒಗ್ಗುತ್ತದೋ ಇಲ್ಲವೋ ಗೊತ್ತಿಲ್ಲದವರು ಇಲ್ಲಿಂದಲೇ ಶುರು ಮಾಡಬೇಕು, ಗ್ಯಾರೇಜ್ ಎಷ್ಟೇ ದೊಡ್ಡದಿದ್ದರೂ.

ಪಿಕ್‌ನಿಕ್ ಕೂಲರ್

ನೀರು ತಣ್ಣಗಿಡುವ 38 ಲೀಟರಿನ ದುಂಡು ಕೂಲರ್ ಬಿಸಿಯನ್ನೂ ಅಷ್ಟೇ ಚೆನ್ನಾಗಿ ಹಿಡಿದಿಡುತ್ತದೆ. ತಳದಲ್ಲಿ ತೂತಿನ ತಟ್ಟೆಯನ್ನೋ ಗೀಸರ್ ಪೈಪಿನಿಂದ ಬಿಚ್ಚಿದ ಸ್ಟೀಲ್ ಜಡೆಯನ್ನೋ ಕೂರಿಸಿ, ಪ್ಲಾಸ್ಟಿಕ್ ನಲ್ಲಿಯ ಜಾಗಕ್ಕೆ ಸ್ಟೀಲ್ ವಾಲ್ವ್ ಹಾಕಿದರೆ ಮ್ಯಾಶ್ ಪಾತ್ರೆ ಸಿದ್ಧ. ಕೈಯಾರೆ ಏನಾದರೂ ಕಟ್ಟುವ ಆಸೆಯಿದ್ದವರಿಗೆ ಇದಕ್ಕಿಂತ ಅಗ್ಗದ ಸುಖವಿಲ್ಲ. ಭಾರ ಎತ್ತುವುದೂ ಕಡಿಮೆ, ನಲ್ಲಿ ತಿರುಗಿಸಿದರೆ ವರ್ಟ್ ತಾನೇ ಇಳಿಯುತ್ತದೆ.

ಆದರೆ ಒಮ್ಮೆ ತಾಪಮಾನ ತಪ್ಪಿತೋ, ಬಿಸಿ ಮಾಡಲು ಕೂಲರಿಗೆ ಒಲೆಯಿಲ್ಲ. ಕುದಿನೀರು ಸುರಿದು ಸರಿಮಾಡಬೇಕು. ಕಾಳಿನಲ್ಲಿ ಉಳಿದ ಸಿಹಿಯನ್ನು ತೊಳೆದು ಇಳಿಸುವ ನೀರು ಕಾಯಿಸಲು ಇನ್ನೊಂದು ಪಾತ್ರೆಯೂ ಬೇಕಾಗುತ್ತದೆ. ಹಂಡೆ ಮೊದಲೇ ಇದ್ದವರಿಗೆ ನೂರು ಡಾಲರಿನ ಆಸುಪಾಸು ಖರ್ಚು. ಗಟ್ಟಿ ಬಿಯರ್ ಇಷ್ಟಪಡುವವರಿಗೆ ಹೇಳಿ ಮಾಡಿಸಿದ್ದು, ಉಳಿದವರಿಗೆ ಚೀಲದ ಮುಂದೆ ಇದರ ಅಗತ್ಯ ನನಗೆ ಕಾಣುವುದಿಲ್ಲ.

ಕರೆಂಟಿನ ಡಬ್ಬಿ

ನ್ಯೂಜಿಲೆಂಡಿನ ಗ್ರೇನ್‌ಫಾದರ್, ಆಸ್ಟ್ರೇಲಿಯಾದ ಬ್ರೂಜಿಲ್ಲಾ, ಅಮೆರಿಕದ ಆನ್ವಿಲ್ ಫೌಂಡ್ರಿ, ಇವಕ್ಕಿಂತ ಮುಂಚಿನ ಜರ್ಮನಿಯ ಬ್ರೌಮೈಸ್ಟರ್. ಎಲ್ಲದರ ಹೂರಣ ಒಂದೇ: ಸ್ಟೀಲ್ ಹಂಡೆ, ತಳದಲ್ಲಿ ಎಲಿಮೆಂಟು, ಒಳಗೆ ಎತ್ತಿ ತೆಗೆಯುವ ಬುಟ್ಟಿ, ವರ್ಟನ್ನು ಮೇಲಕ್ಕೆತ್ತಿ ಸುತ್ತಿಸುವ ಪಂಪು, ತಾಪಮಾನ ಹಿಡಿದಿಡುವ ಕಂಟ್ರೋಲರು. ದುಬಾರಿಯಾದ ಬ್ರೌಮೈಸ್ಟರ್ ಬಿಟ್ಟರೆ 350ರಿಂದ ಸಾವಿರ ಡಾಲರಿನವರೆಗೆ.

ಬುಟ್ಟಿ ಮೇಲೆತ್ತಿ ತಿರುಗಿಸಿದರೆ ಹಂಡೆಯ ಅಂಚಿನಲ್ಲೇ ಕೂರುತ್ತದೆ, ತಾನೇ ಸೋರುತ್ತದೆ. ರಾತ್ರಿಯೇ ನೀರು ತುಂಬಿ ಟೈಮರ್ ಇಟ್ಟರೆ ಬೆಳಿಗ್ಗೆ ಕಾಫಿ ಕುಡಿಯುವಷ್ಟರಲ್ಲಿ ನೀರು ಹದಕ್ಕೆ ಬಂದಿರುತ್ತದೆ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಈ ಒಂದು ಸೌಕರ್ಯಕ್ಕೇ ಇದನ್ನು ಕೊಳ್ಳಬಹುದು. ಗ್ಯಾಸಿನ ಉರಿಯಿಲ್ಲ, ಮೂಲೆಯಲ್ಲಿ ಎರಡು ಅಡಿ ಜಾಗ ಸಾಕು.

120 ವೋಲ್ಟಿನಲ್ಲಿ ನಡೆಸುವವರು ಮಾತ್ರ ಮೇಲಿನ ಲೆಕ್ಕ ಮರೆಯಬಾರದು. ಆನ್ವಿಲಿನಂಥ ಕೆಲವು 120ರಲ್ಲೂ 240ರಲ್ಲೂ ಓಡುತ್ತವೆ. ಮುಂದೆ ದೊಡ್ಡ ಪ್ಲಗ್ಗು ಹಾಕಿಸುವ ಯೋಚನೆಯಿದ್ದರೆ ಅಂಥದ್ದೇ ತೆಗೆದುಕೊಳ್ಳಿ. ಕಂಟ್ರೋಲರ್ ಕೆಟ್ಟರೆ ಇಡೀ ಯಂತ್ರ ಮೂಲೆಗೆ, ಹಂಡೆ-ಚೀಲಕ್ಕೆ ಆ ಭಯವಿಲ್ಲ. ಇನ್ನೊಂದು ವಿಷಯ ಮನೆಯೊಳಗೆ ಮಾಡುವವರಿಗೆಲ್ಲ ಅನ್ವಯ: ಒಂದು ಗಂಟೆಯ ಕುದಿಯಲ್ಲಿ ಮೂರು ಲೀಟರ್ ನೀರು ಆವಿಯಾಗಿ ನಿಮ್ಮ ಗೋಡೆ, ಚಾವಣಿಗೆ ಹೋಗಿ ಕೂರುತ್ತದೆ. ಹೊರಗೆ ದೂಡುವ ಫ್ಯಾನ್ ಇಲ್ಲದಿದ್ದರೆ ಜಿಪ್ಸಮ್ ಬೋರ್ಡಿಗೆ ಬೂಷ್ಟು ಬರುವುದು ಖಂಡಿತ.

ಮೂರು ಹಂಡೆಯ ಸ್ಟ್ಯಾಂಡು

ಎಲ್ಲರ ಕಣ್ಣು ಇದರ ಮೇಲೆಯೇ. ಚೌಕ ಪೈಪಿನ ಸ್ಟ್ಯಾಂಡಿನ ಮೇಲೆ ಸಾಲಾಗಿ ಬಿಸಿನೀರಿನ ಹಂಡೆ, ಮ್ಯಾಶ್ ಹಂಡೆ, ಕುದಿಸುವ ಹಂಡೆ. ಕೆಳಗೆ ಎರಡು ಪಂಪು. ಗೋಡೆಗೆ ಕೆಂಪು ಹಸಿರು ದೀಪದ ಪ್ಯಾನೆಲ್ಲು. ನನ್ನ ಹೆಂಡತಿ ಅದಕ್ಕೆ "ನಿಮ್ಮ ಆಲೆಮನೆ" ಅಂತಿದ್ದಳು.

ಇದರಲ್ಲಿ ಎರಡು ಜಾತಿ. ಬಿಸಿನೀರಿನ ಹಂಡೆಯೊಳಗಿನ ಸುರುಳಿಯ ಮೂಲಕ ವರ್ಟನ್ನು ಸುತ್ತಿಸಿ ಬಿಸಿ ಕಾಯ್ದುಕೊಳ್ಳುವುದು ಹರ್ಮ್ಸ್. ಕೊಳವೆಯೊಳಗೆ ಎಲಿಮೆಂಟನ್ನೇ ಕೂರಿಸಿ ವರ್ಟನ್ನು ನೇರವಾಗಿ ಕಾಯಿಸುವುದು ರಿಮ್ಸ್. ರಿಮ್ಸ್ ಬೇಗ ಬಿಸಿಯೇರುತ್ತದೆ, ಆದರೆ ಹರಿವು ನಿಂತರೆ ಕೊಳವೆಯೊಳಗಿನ ವರ್ಟ್ ಅಲ್ಲೇ ಸೀಯುತ್ತದೆ. ನಾನು ಕೊಂಡದ್ದು ಸೆಕೆಂಡ್ ಹ್ಯಾಂಡ್ ರಿಮ್ಸ್. ನೂರಕ್ಕೆ ಹದಿನೈದು ಪಾಲು ರಾಗಿ ಮಾಲ್ಟ್ ಹಾಕಿದ ದಿನ ತೂತಿನ ತಟ್ಟೆಯ ಮೇಲೆ ಹಿಟ್ಟು ಅಂಟಿನ ಹಾಗೆ ಕೂತಿತು, ಪಂಪು ಗಾಳಿ ಎಳೆಯಿತು, ನಾನು ಒಳಗೆ ಫೋನಿನಲ್ಲಿದ್ದೆ. ಆ ಬಿಯರಿಗೆ ತಳ ಹಿಡಿದ ಪಾಯಸದ ರುಚಿ. ಐವತ್ತು ಬಾಟಲಿ ಚರಂಡಿಗೆ. ಮುಂದಿನ ಸಲ ಕಾಳು ಸಡಿಲವಾಗಿರಲೆಂದು ಭತ್ತದ ಉಮಿ ಬೆರೆಸಿದೆ. ಮಂಡ್ಯದಲ್ಲಿ ರೈಸ್ ಮಿಲ್ಲಿನ ಹಿಂದೆ ರಾಶಿ ಬಿದ್ದಿರುವ ಉಮಿಯನ್ನು ಇಲ್ಲಿ ಪ್ಯಾಕೆಟ್ ಲೆಕ್ಕದಲ್ಲಿ ದುಡ್ಡು ಕೊಟ್ಟು ತಂದೆ. ಅದೇ ರಾಗಿ ಈಗ ಚೀಲದಲ್ಲಿ ಉಮಿಯಿಲ್ಲದೆ ಸರಾಗವಾಗಿ ಸೋರುತ್ತದೆ. ಜಾಲರಿ ಎಲ್ಲ ಕಡೆಯಿಂದ ಬಿಡುತ್ತದಲ್ಲ.

ಹಾಗಾದರೆ ಇದು ಯಾರಿಗೆ? ಒಂದೇ ಸಲಕ್ಕೆ 38 ಲೀಟರ್ ಮಾಡುವವರಿಗೆ. ಅಷ್ಟು ಮಾಡುವಾಗ ಚೀಲ ಎತ್ತುವ ಮಾತೇ ಇಲ್ಲ. ಒಂದೇ ದಿನ ಎರಡು ಸುತ್ತು ಮಾಡುವವರಿಗೂ ಸರಿ, ಒಂದು ಹಂಡೆ ಕುದಿಯುವಾಗ ಇನ್ನೊಂದರಲ್ಲಿ ಮ್ಯಾಶ್ ನಡೆಯುತ್ತದೆ. ಎರಡು ಎಲಿಮೆಂಟ್ ಒಟ್ಟಿಗೆ ಓಡಲು 50 ಆಂಪ್ಸ್ ಬೇಕೆಂಬುದು ನೆನಪಿರಲಿ. ಮೂರನೆಯ ಬಗೆಯವರೂ ಇದ್ದಾರೆ, ಬಿಯರಿಗಿಂತ ಕಟ್ಟುವುದೇ ಇಷ್ಟವಾದವರು. ವೆಲ್ಡಿಂಗ್, ವೈರಿಂಗ್, ತಾಪಮಾನಕ್ಕೆ ಪ್ರೋಗ್ರಾಮ್ ಬರೆಯುವುದೇ ಅವರ ಸಂತೋಷ. ಅದರಲ್ಲಿ ತಪ್ಪೇನಿಲ್ಲ, ಆದರೆ ಒಂದೂವರೆ ಸಾವಿರದಿಂದ ಮೂರು ಸಾವಿರ ಡಾಲರನ್ನು ರುಚಿಯ ಹೆಸರಿನಲ್ಲಿ ಖರ್ಚು ಬರೆಯಬೇಡಿ. ನಾನು ಹನ್ನೊಂದು ಸಲ ಬಳಸಿದೆ. ಕಾಯಿಸುವುದು ಐದು ಗಂಟೆ, ತೊಳೆಯುವುದು ಎರಡು ಗಂಟೆ. ಮಾರಿದ ದಿನ ಗ್ಯಾರೇಜಿನಲ್ಲಿ ಕಾರು ನಿಂತಿತು.

ಉರಿಯ ಬಗ್ಗೆ ಒಂದು ಮಾತು. ಪ್ರೊಪೇನ್ ಒಲೆಯನ್ನು ಗ್ಯಾರೇಜಿನ ಒಳಗೆ ಹಚ್ಚಲೇಬಾರದು, ಚಳಿಯೆಂದು ಬಾಗಿಲು ಅರ್ಧ ಇಳಿಸಿಕೊಂಡೂ ಬೇಡ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ.

ಉಳಿಸಿದ ದುಡ್ಡು ಎಲ್ಲಿ ಹಾಕಬೇಕು

ಟೆಕ್ಸಾಸಿನ ಜುಲೈಯಲ್ಲಿ ಗ್ಯಾರೇಜು 40 ಡಿಗ್ರಿ. ಏಲ್ ಎಂಬ ಬಗೆಯ ಬಿಯರಿಗೆ ಹಾಕುವ ಸಾಮಾನ್ಯ ಯೀಸ್ಟಿಗೆ ಬೇಕಾದ್ದು 18ರಿಂದ 20. ಯೀಸ್ಟು ಕೆಲಸ ಮಾಡುವಾಗ ತಾನೂ ಬಿಸಿ ಹುಟ್ಟಿಸುತ್ತದೆ, ಏಸಿ ಹಾಕಿದ ಕೋಣೆಯಲ್ಲೂ ಒಳಗಿನ ತಾಪ ನಾಲ್ಕೈದು ಡಿಗ್ರಿ ಮೇಲಿರುತ್ತದೆ. 27 ಡಿಗ್ರಿಯಲ್ಲಿ ಹುದುಗಿದ ಬಿಯರಿಗೆ ನೇಲ್ ಪಾಲಿಶ್ ತೆಗೆಯುವ ದ್ರಾವಣದ ವಾಸನೆ ಬರುತ್ತದೆ, ಯಾವ ಸ್ಟೀಲ್ ಹಂಡೆಯಲ್ಲಿ ಕಾಯಿಸಿದ್ದರೂ. ಹಳೆಯ ಚೆಸ್ಟ್ ಫ್ರೀಜರಿಗೆ ನಲವತ್ತು ಡಾಲರಿನ ತಾಪಮಾನ ಕಂಟ್ರೋಲರ್ ಸಿಕ್ಕಿಸಿ, ಅದರೊಳಗೆ ಹುದುಗಿಸುವ ಬಕೆಟ್ ಇಡಿ. ಇನ್ನೂರೈವತ್ತು ಡಾಲರಿನೊಳಗೆ ಮುಗಿಯುವ ಈ ಒಂದೇ ಬದಲಾವಣೆಯಿಂದ ನನ್ನ ಬಿಯರ್ ನೆಂಟರು ಎರಡನೇ ಲೋಟ ಕೇಳುವ ಬಿಯರಾಯಿತು. ಅಷ್ಟೂ ಇಲ್ಲದವರು ಅಗಲ ಟಬ್ಬಿನ ನೀರಿನಲ್ಲಿ ಬಕೆಟ್ ಇಟ್ಟು, ಒದ್ದೆ ಟೀಶರ್ಟ್ ತೊಡಿಸಿ, ಫ್ಯಾನ್ ಹಾಕಿ; ಮಣ್ಣಿನ ಹೂಜಿಗೆ ಒದ್ದೆ ಬಟ್ಟೆ ಸುತ್ತುವ ಉಪಾಯವೇ. ಅದೂ ಬೇಡವೆಂದರೆ ನಾರ್ವೆಯ ಕ್ವೈಕ್ ಯೀಸ್ಟ್ ಹಾಕಿ, 35 ಡಿಗ್ರಿಯಲ್ಲೂ ಅದು ಖುಷಿಯಾಗಿರುತ್ತದೆ.

ತಣಿಸುವುದಕ್ಕೂ ಊರಿನ ಹವೆಯೇ ಅಳತೆ. ಬೇಸಿಗೆಯಲ್ಲಿ ನಮ್ಮ ನಲ್ಲಿ ನೀರೇ 28 ಡಿಗ್ರಿ ಮೇಲಿರುತ್ತದೆ, ತಾಮ್ರದ ಸುರುಳಿಯಿಂದ 32ರ ಕೆಳಗೆ ಇಳಿಸಲು ಆಗುವುದಿಲ್ಲ. ಉಳಿದದ್ದನ್ನು ಫ್ರೀಜರಿಗೆ ಬಿಟ್ಟು ಮರುದಿನ ಬೆಳಿಗ್ಗೆ ಯೀಸ್ಟ್ ಹಾಕುತ್ತೇನೆ. ಚಳಿನಾಡಾದ ಮಿಷಿಗನ್ನಿನವರು ಇದನ್ನು ಓದಿ ನಗಬಹುದು.

ಈಗ ಕೇಳಿದವರಿಗೆ ಹೇಳಿದ ಉತ್ತರ. ಜರ್ಸಿ ಸಿಟಿಯ ಬಾಡಿಗೆ ಮನೆಯವನಿಗೆ ಸಣ್ಣ ಪಾತ್ರೆ ಮತ್ತು ಚೀಲ ಎಂದೆ, ಮುಂದೆ ಮನೆ ಕೊಂಡಾಗ ನೋಡೋಣ. ಸೊಂಟ ಹಿಡಿದಿರುವ, ಮನೆಯಲ್ಲಿ ಎರಡು ವರ್ಷದ ಮಗುವಿರುವ ಗೆಳೆಯನಿಗೆ ಕರೆಂಟಿನ ಡಬ್ಬಿ, 240 ವೋಲ್ಟಿನದು, ಜೊತೆಗೆ ರಾಟೆ. ಆಸ್ಟಿನ್ನಿನಲ್ಲಿ ವೆಲ್ಡಿಂಗ್ ಕಲಿತಿರುವವನು ನಾನು ಏನೇ ಹೇಳಿದರೂ ಮೂರು ಹಂಡೆಯದನ್ನೇ ಕಟ್ಟುತ್ತಾನೆ. ರಿಮ್ಸ್ ಬಿಟ್ಟು ಹರ್ಮ್ಸ್ ಮಾಡು ಎಂದಷ್ಟೇ ಹೇಳಿದೆ. ನನ್ನದು ಈಗ 38 ಲೀಟರಿನ ಹಂಡೆ, ಚೀಲ, 5,500 ವಾಟಿನ ಎಲಿಮೆಂಟು, ಒಂದು ಪಂಪು. ಒಂದು ಸಲಕ್ಕೆ ಐದಾರು ಯೂನಿಟ್, ಒಂದು ಡಾಲರಿನ ಆಸುಪಾಸು ಕರೆಂಟು.

ಹಳೆಯ ಸೆಟ್ ನೋಡಲು ಹೋದರೆ ಎರಡು ವಿಷಯ ಗಮನಿಸಿ. ಬಿಯರ್ ಕಂಪನಿಯ 58 ಲೀಟರಿನ ಪೀಪಾಯಿಯ ತಲೆ ಕತ್ತರಿಸಿ ಮಾಡಿದ ಹಂಡೆಯಾದರೆ ಅದು ಎಲ್ಲಿಂದ ಬಂತೆಂದು ಕೇಳಿ. ಅಂಗಡಿಗೆ ಡಿಪಾಸಿಟ್ ಕಟ್ಟಿದ ಮಾತ್ರಕ್ಕೆ ಪೀಪಾಯಿ ಸ್ವಂತದ್ದಾಗುವುದಿಲ್ಲ, ಅದು ಕಂಪನಿಯ ಸ್ವತ್ತು. ಮತ್ತೆ, ಒಂದು ಸ್ಪ್ಯಾನರ್ ಒಯ್ದು ಬಾಲ್ ವಾಲ್ವನ್ನು ಪೂರ್ತಿ ಬಿಚ್ಚಿಸಿ ನೋಡಿ. ಹಂಡೆ ಕನ್ನಡಿಯಂತೆ ಹೊಳೆಯುತ್ತಿದ್ದು ವಾಲ್ವಿನೊಳಗೆ ಕಪ್ಪು ಜಿಡ್ಡು ಕಂಡರೆ, ಪಂಪು, ಪೈಪುಗಳ ಒಳಗೂ ಅದೇ ಇದೆ ಎಂದುಕೊಂಡು ಬೆಲೆ ಮಾತಾಡಿ.